ಹಳೆಯ ಪಾಪ್ ತಂಡದ ಅಪರೂಪದ ರೆಕಾರ್ಡಿಂಗ್ ಸಿಡಿಯಲ್ಲಿ ಬೇಕೇ? ಹುಡುಕುವ ಸರಿಯಾದ ಕ್ರಮ ಹೀಗಿದೆ

ಈ ಹುಡುಕಾಟದಲ್ಲಿ ಸೋಲುವವರು ಹೆಚ್ಚುಕಮ್ಮಿ ಒಂದೇ ರೀತಿ ಸೋಲುತ್ತಾರೆ. ಹಾಡಿನ ಹೆಸರು ಟೈಪ್ ಮಾಡುತ್ತಾರೆ. ಮೊದಲು ಕಂಡ ‘ರೇರ್’ ಸಿಡಿಗೆ ದುಡ್ಡು ಕಟ್ಟುತ್ತಾರೆ. ವಾರಗಟ್ಟಲೆ ಕಾದು ಡಿಸ್ಕ್ ಹಾಕಿ ಕೇಳಿದರೆ ಆಲ್ಬಂನಲ್ಲಿ ಮೊದಲಿನಿಂದಲೂ ಇದ್ದ ಅದೇ ಹಾಡು. ಇಲ್ಲವೇ ಹಾಡು ಹಿಟ್ ಆಗಿ ಇಪ್ಪತ್ತು ವರ್ಷ ಕಳೆದ ಮೇಲೆ, ತಂಡದಲ್ಲಿ ಉಳಿದ ಒಬ್ಬರು ಹೊಸಬರನ್ನು ಕಟ್ಟಿಕೊಂಡು ಮತ್ತೆ ಹಾಡಿದ್ದು.

ಹುಡುಕುವವರ ಶ್ರದ್ಧೆಗೆ ಏನೂ ಕಮ್ಮಿ ಇರುವುದಿಲ್ಲ. ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೆ. ಬೇಕಾದ ರೆಕಾರ್ಡಿಂಗ್ ಯಾವುದು ಅನ್ನುವುದು ಮೊದಲು ಖಚಿತವಾಗಬೇಕು. ಆಮೇಲೆ ಅದು ಯಾವ ಸಿಡಿಯಲ್ಲಿದೆ, ಆ ಸಿಡಿಯ ಯಾವ ಆವೃತ್ತಿಯಲ್ಲಿದೆ ಅಂತ ನೋಡಬೇಕು. ಮಾರುವವರ ಹತ್ತಿರ ಹೋಗುವುದು ಅದಾದ ಮೇಲೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಅಪರೂಪದ ಡಿಸ್ಕ್ ಬೇರೆ, ಅಪರೂಪದ ರೆಕಾರ್ಡಿಂಗ್ ಬೇರೆ. ಬೀಟಲ್ಸ್ ತಂಡದ ‘ಆ್ಯಬಿ ರೋಡ್’ 1983ರಲ್ಲಿ ಜಪಾನಿನಲ್ಲಿ ಸಿಡಿಯಾಗಿ ಬಂದು, ಆಮೇಲೆ ಮಾರುಕಟ್ಟೆಯಿಂದ ವಾಪಸ್ ಹೋಯಿತು. ಆ ತಂಡದ ಆಲ್ಬಂಗಳು ಜಗತ್ತಿಗೆಲ್ಲ ಸಿಡಿಯಲ್ಲಿ ಸಿಕ್ಕಿದ್ದು 1987ರಲ್ಲಿ. ಹಾಗಾಗಿ ಆ ಜಪಾನಿ ಡಿಸ್ಕ್‌ಗೆ ಸಂಗ್ರಹಕಾರರಲ್ಲಿ ಭಾರಿ ಬೆಲೆ. ಆದರೆ ಅದರಲ್ಲಿರುವ ಹಾಡುಗಳು ಎಲ್ಲೆಲ್ಲೂ ಸಿಗುತ್ತವೆ. ಇನ್ನೊಂದು ಕಡೆ, ಯಾರೂ ತಿರುಗಿ ನೋಡದ ಅಗ್ಗದ ಸಂಕಲನದ ಹದಿನೇಳನೇ ಹಾಡು ಬೇರೆಲ್ಲೂ ಸಿಗದ ಮಿಕ್ಸ್ (ದನಿ, ವಾದ್ಯಗಳನ್ನು ಬೆರೆಸಿದ ರೂಪ) ಆಗಿರಬಹುದು. ಈ ಬರಹ ಆ ಹದಿನೇಳನೇ ಹಾಡಿನ ಹಿಂದೆ ಬಿದ್ದವರಿಗೆ.

## ಬೇಕಾದ ಸಾಮಾನು

ಒಂದು ಸ್ಪ್ರೆಡ್‌ಶೀಟ್. ಡಿಸ್ಕಾಗ್ಸ್ ಜಾಲತಾಣದಲ್ಲಿ ಒಂದು ಖಾತೆ. ಅದು ಡೇಟಾಬೇಸ್ ಕೂಡ ಹೌದು, ಮಾರುಕಟ್ಟೆ ಕೂಡ ಹೌದು. ಅಡ್ಡಪರೀಕ್ಷೆಗೆ ಮ್ಯೂಸಿಕ್‌ಬ್ರೇನ್ಜ್ ಎಂಬ ಇನ್ನೊಂದು ಡೇಟಾಬೇಸ್. ಏಳು ಇಂಚಿನ ಹಳೆ ಸಿಂಗಲ್‌ಗಳ (ಒಂದೆರಡು ಹಾಡಿನ ಪುಟ್ಟ ರೆಕಾರ್ಡ್‌ಗಳ) ವಿವರಕ್ಕೆ 45ಕ್ಯಾಟ್ ಜಾಲತಾಣ. ಒಂದು ಭೂತಗನ್ನಡಿ, ಒಂದು ಟಾರ್ಚ್.

ಕಂಪ್ಯೂಟರ್‌ಗೆ ಸಿಡಿ ಡ್ರೈವ್ ಬೇಕು. ಟ್ರೇ ಹೊರಗೆ ಬರುವಂಥದ್ದೇ ಇರಲಿ. ಅಪರೂಪದ ಹಾಡುಗಳು ಎಷ್ಟೋ ಸಲ 8 ಸೆಂಟಿಮೀಟರಿನ ಪುಟ್ಟ ಸಿಡಿ ಸಿಂಗಲ್‌ಗಳಲ್ಲಿ ಇರುತ್ತವೆ. ಸೀಳಿನೊಳಗೆ ತೂರಿಸುವ ಡ್ರೈವ್‌ಗೆ ಅದನ್ನು ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಸಾಫ್ಟ್‌ವೇರ್ ಎಂದರೆ ಸಿಡಿಯನ್ನು ಕಂಪ್ಯೂಟರ್‌ಗೆ ಇಳಿಸಲು ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ; ದನಿಯನ್ನು ಪರೀಕ್ಷಿಸಲು ಎರಡಕ್ಕೂ ಆಡಾಸಿಟಿ.

## ಹಂತ 1: ಹಾಡನ್ನಲ್ಲ, ರೆಕಾರ್ಡಿಂಗ್ ಅನ್ನು ಗುರುತಿಸಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲೇ ಕೊಡಿ. ಒಂದೇ ಹಾಡಿಗೆ ಎಷ್ಟು ರೂಪ ಇರಬಹುದು ನೋಡಿ: ಸಿಂಗಲ್ ಮಿಕ್ಸ್, ಆಲ್ಬಂ ಮಿಕ್ಸ್, ಮೋನೊ (ಎಡ–ಬಲ ಎರಡರಲ್ಲೂ ಒಂದೇ ದನಿ), ಸ್ಟೀರಿಯೊ (ಎಡ–ಬಲಕ್ಕೆ ಬೇರೆ ಬೇರೆ ದನಿ), ರೇಡಿಯೊಗಾಗಿ ಕತ್ತರಿಸಿದ್ದು, ಬಳಸದೆ ಬಿಟ್ಟ ಟೇಕ್ (ಒಂದು ಸಲ ಹಾಡಿ ಮುದ್ರಿಸಿದ್ದು), ಡೆಮೊ (ಮಾದರಿಗೆಂದು ಹಾಡಿದ್ದು), ಬೇರೆ ಭಾಷೆಯಲ್ಲಿ ಹಾಡಿದ್ದು, ರೇಡಿಯೊ ಕೇಂದ್ರಕ್ಕೆ ಹಾಡಿದ್ದು, ಮುಪ್ಪಿನಲ್ಲಿ ಮತ್ತೆ ಹಾಡಿದ್ದು. ಸಿಡಿಯ ಹಿಂಬದಿಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು ಅಚ್ಚಾಗಿರುತ್ತದೆ. ಹೆಸರು ನಂಬಿಕೊಂಡು ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ರೆಕಾರ್ಡಿಂಗ್‌ಗೆ ಒಂದೊಂದು ಸಾಲು ಮಾಡಿ. ಹಾಡಿದ ವರ್ಷ, ಮೊದಲು ಹೊರಬಂದ ರೂಪ, ಕಂಪನಿ, ಕ್ಯಾಟಲಾಗ್ ನಂಬರ್ (ಕಂಪನಿ ಆ ಡಿಸ್ಕ್‌ಗೆ ಕೊಟ್ಟ ಸಂಖ್ಯೆ), ಮೋನೊ ಅಥವಾ ಸ್ಟೀರಿಯೊ, ಭಾಷೆ, ಮುಖ್ಯ ದನಿ ಯಾರದು, ಎಷ್ಟು ನಿಮಿಷ ಎಷ್ಟು ಸೆಕೆಂಡ್. ಕೊನೆಯ ಕಾಲಮ್‌ನಲ್ಲಿ ‘ಕಿವಿಗುರುತು’ ಬರೆಯಿರಿ. ಅಂದರೆ ಈ ರೂಪದಲ್ಲಿ ಮಾತ್ರ ಕೇಳುವ ಒಂದು ವಿಷಯ. ಶುರುವಿನಲ್ಲಿ ಯಾರೋ ಒನ್, ಟೂ, ತ್ರೀ ಎಣಿಸುತ್ತಾರೆ. ಎರಡನೇ ಚರಣದಲ್ಲಿ ತಂತಿವಾದ್ಯ ಇಲ್ಲ. ಕೊನೆಯಲ್ಲಿ ದನಿ ಕರಗದೆ ಥಟ್ಟನೆ ನಿಲ್ಲುತ್ತದೆ. ಡಿಸ್ಕ್ ಬಂದ ದಿನ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡುವುದು ಈ ಕಾಲಮ್. ಮುದ್ರಿಸಿದ ಸಮಯವನ್ನು ಪೂರ್ತಿ ನಂಬಬೇಡಿ, ಹಳೆ ಲೇಬಲ್‌ಗಳಲ್ಲಿ ಅದು ಬೇಕಾದಷ್ಟು ಸಲ ತಪ್ಪಿರುತ್ತದೆ.

ಮೋನೊ–ಸ್ಟೀರಿಯೊ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ 1966ರಲ್ಲಿ ಬಂದಾಗ ಇದ್ದದ್ದು ಮೋನೊ ಮಿಕ್ಸ್ ಒಂದೇ. ಆಗ ಸ್ಟೀರಿಯೊ ಹೆಸರಲ್ಲಿ ಮಾರಿದ್ದು ಡ್ಯುವೊಫಾನಿಕ್, ಅಂದರೆ ಮೋನೊವನ್ನೇ ಯಂತ್ರದಲ್ಲಿ ಹಿಗ್ಗಿಸಿದ ನಕಲಿ ಸ್ಟೀರಿಯೊ. ಇಡೀ ಆಲ್ಬಂನ ನಿಜವಾದ ಸ್ಟೀರಿಯೊ ಮಿಕ್ಸ್ ಜನರಿಗೆ ಸಿಕ್ಕಿದ್ದು 1997ರ ಬಾಕ್ಸ್ ಸೆಟ್‌ನಲ್ಲಿ. ಹೀಗಿರುವಾಗ ಯಾರಾದರೂ ‘1966ರ ಅಸಲಿ ಸ್ಟೀರಿಯೊ’ ಅಂತ ಮಾರಲು ಬಂದರೆ ನೀವೇನು ಮಾಡಬೇಕು ಗೊತ್ತಲ್ವಾ? ಇದರ ತಿರುಗುಮುರುಗು ಕೂಡ ಇದೆ. ಸ್ಟೀರಿಯೊದ ಎರಡು ಬದಿಯನ್ನೂ ಸುಮ್ನೆ ಸೇರಿಸಿ ‘ಮೋನೊ’ ಅಂದುಬಿಡುತ್ತಾರೆ. ಮೋನೊಗೆ ಅಂತಲೇ ಬೇರೆಯಾಗಿ ಮಾಡಿದ ಮಿಕ್ಸ್ ಬೇಕಿದ್ದರೆ ಅದು ಕೆಲಸಕ್ಕೆ ಬಾರದು.

ಮತ್ತೆ ಹಾಡಿದ ರೂಪಗಳು ಇನ್ನೂ ದೊಡ್ಡ ಬಲೆ. ಹಳೆ ತಂಡ ಕಂಪನಿ ಬದಲಿಸಿದಾಗ ಹಳೆ ಹಿಟ್‌ಗಳ ಹಕ್ಕು ಹಳೆ ಕಂಪನಿಯಲ್ಲೇ ಉಳಿಯುತ್ತದೆ. ಹೊಸ ಕಂಪನಿ ಅವನ್ನೇ ಮತ್ತೆ ಹಾಡಿಸುತ್ತದೆ. ಎವರ್ಲಿ ಬ್ರದರ್ಸ್ ಎಂಬ ಸೋದರರ ಜೋಡಿ 1960ರಲ್ಲಿ ಕೇಡೆನ್ಸ್ ಕಂಪನಿ ಬಿಟ್ಟು ವಾರ್ನರ್‌ಗೆ ಬಂತು. 1964ರಲ್ಲಿ ವಾರ್ನರ್ ತಂದ ಸಂಕಲನದಲ್ಲಿ ಕೇಡೆನ್ಸ್ ಕಾಲದ ಹಿಟ್‌ಗಳು ಹೊಸದಾಗಿ ಹಾಡಿದಂಥವು. ಇದು ಆ ಜೋಡಿಯೇ ಚೆನ್ನಾಗಿ ಹಾಡಿದ್ದು, ಪರವಾಗಿಲ್ಲ. ಆದರೆ ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್ ಮಟ್ಟದ ಅಗ್ಗದ ಸಂಕಲನಗಳಲ್ಲಿ ‘ಮೂಲ ಕಲಾವಿದರಿಂದ ಮರುಧ್ವನಿಮುದ್ರಣ’, ‘ಒಬ್ಬರು ಅಥವಾ ಹೆಚ್ಚು ಮೂಲ ಸದಸ್ಯರು’ ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಸಾಲು ಕಂಡ ತಕ್ಷಣ ಡಿಸ್ಕ್ ಕೆಳಗಿಡಿ.

## ಹಂತ 2: ಅದು ಸಿಡಿಗೆ ಬಂದೇ ಇದೆಯೇ?

ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಉತ್ತರ ‘ಇಲ್ಲ’ ಎಂದಾದರೆ ನಿಮ್ಮ ಹುಡುಕಾಟ ಇಲ್ಲಿಗೇ ಮುಗಿಯಿತು, ದುಡ್ಡು ಉಳಿಯಿತು.

ಯುರೋಪಿನ ಕಾನೂನಿನಲ್ಲಿ, ಧ್ವನಿಮುದ್ರಣ ಮಾಡಿ 50 ವರ್ಷ ಹೊರಗೆ ತರದೆ ಇಟ್ಟರೆ ಅದರ ಹಕ್ಕು ಕಳೆದುಹೋಗುತ್ತದೆ. ಅಷ್ಟರೊಳಗೆ ಹೊರತಂದರೆ ರಕ್ಷಣೆ 70 ವರ್ಷಕ್ಕೆ ಹೋಗುತ್ತದೆ. ಅದಕ್ಕೇ ಕೆಲವು ಕಂಪನಿಗಳು ಡಿಸೆಂಬರ್ ಬಂತೆಂದರೆ ಹಳೆ ಟೇಪುಗಳನ್ನು ಸದ್ದಿಲ್ಲದೆ ಡೌನ್‌ಲೋಡ್ ರೂಪದಲ್ಲಿ ಬಿಟ್ಟುಬಿಡುತ್ತವೆ. ಬೀಚ್ ಬಾಯ್ಸ್‌ನ 1963ರ ಡೆಮೊಗಳ ಸಂಗ್ರಹ 2013ರಲ್ಲಿ ಹೀಗೇ ಬಂತು. ‘ಫ್ರೆಂಡ್ಸ್’ ಮತ್ತು ‘20/20’ ಆಲ್ಬಂಗಳ ಸೆಷನ್‌ಗಳು (ಸ್ಟುಡಿಯೊದಲ್ಲಿ ಹಾಡುತ್ತಾ ಮುದ್ರಿಸಿಕೊಂಡ ಟೇಪುಗಳು) 2018ರಲ್ಲಿ ಬಂದವು. ಇವು ಸಿಡಿಯಾಗಿ ಅಂಗಡಿಗೆ ಬರಲಿಲ್ಲ. ಬೀಟಲ್ಸ್ ತಮ್ಮ ಅಭಿಮಾನಿ ಸಂಘಕ್ಕೆ 1963ರಿಂದ 1969ರವರೆಗೆ ಪ್ರತಿ ಕ್ರಿಸ್‌ಮಸ್‌ಗೆ ಕಳಿಸಿದ ಫ್ಲೆಕ್ಸಿ ಡಿಸ್ಕ್‌ಗಳು (ಬಾಗುವ ತೆಳು ಪ್ಲಾಸ್ಟಿಕ್ ರೆಕಾರ್ಡ್‌ಗಳು) 2017ರಲ್ಲಿ ಮತ್ತೆ ಬಂದವು. ಅವೂ ಬಣ್ಣದ ವಿನೈಲ್ ರೆಕಾರ್ಡ್‌ಗಳಲ್ಲಿ, ಸಿಡಿಯಲ್ಲಲ್ಲ. ಆಬ್ಬಾ ತಂಡದ ‘ಜಸ್ಟ್ ಲೈಕ್ ದಟ್’ ಹಾಡಿನ ಒಂದು ತುಣುಕು 1994ರ ನಾಲ್ಕು ಸಿಡಿಗಳ ಬಾಕ್ಸ್‌ನ ಕೊನೆಯ ಡಿಸ್ಕ್‌ನಲ್ಲಿದೆ. ಪೂರ್ತಿ ಹಾಡನ್ನು ತಂಡ ಬಿಟ್ಟುಕೊಡಲಿಲ್ಲ.

ಇಂಥವನ್ನು ‘ಪೂರ್ತಿಯಾಗಿ ಸಿಡಿಯಲ್ಲಿ’ ಅಂತ ಯಾರು ಮಾರಿದರೂ ಅದು ಕಳ್ಳಪ್ರತಿಯೇ. ಪರೀಕ್ಷೆ ಮಾಡುವುದು ಸುಲಭ. ಡಿಸ್ಕಾಗ್ಸ್‌ನಲ್ಲಿ ತಂಡದ ಪುಟ ತೆರೆದು, ಹಾಡಿನ ಹೆಸರು ಹಾಕಿ, ಫಾರ್ಮ್ಯಾಟ್ ಸಿಡಿ ಅಂತ ಸೋಸಿ. ಬಂದ ಫಲಿತಾಂಶಗಳೆಲ್ಲ ‘ಅನ್‌ಅಫಿಷಿಯಲ್’ ಎಂಬ ಗುರುತಿನವೇ ಆಗಿದ್ದರೆ ಅಧಿಕೃತ ಸಿಡಿ ಇಲ್ಲ ಅಂತಲೇ ಲೆಕ್ಕ. ಡೌನ್‌ಲೋಡ್ ಸಿಕ್ಕರೆ ಅದನ್ನೇ ಕೊಳ್ಳಿ.

## ಹಂತ 3: ಅಡಗಿರುವ ಜಾಗಗಳನ್ನು ಜಾಲಾಡಿ

ಅಪರೂಪದ ರೆಕಾರ್ಡಿಂಗ್‌ಗಳು ಕೆಲವು ಗೊತ್ತಾದ ಜಾಗಗಳಲ್ಲೇ ಅಡಗಿರುತ್ತವೆ. ಬಾಕ್ಸ್ ಸೆಟ್‌ನ ಕೊನೆಯ ಡಿಸ್ಕ್ ಮೊದಲ ಜಾಗ. ಮರುಬಿಡುಗಡೆಯ ಬೋನಸ್ ಹಾಡುಗಳು ಎರಡನೇ ಜಾಗ. ಕ್ಯಾಪಿಟಲ್ ಕಂಪನಿ 1990ರಲ್ಲಿ ಬೀಚ್ ಬಾಯ್ಸ್‌ನ ಎರಡೆರಡು ಆಲ್ಬಂಗಳನ್ನು ಒಂದೇ ಸಿಡಿಯಲ್ಲಿ ಸೇರಿಸಿ, ಕೊನೆಗೆ ಬೋನಸ್ ಹಾಡುಗಳನ್ನೂ ಇಟ್ಟಿತ್ತು. ಇಂಥ ಕಡೆ ಒಂದು ಎಚ್ಚರಿಕೆ: ಒಂದು ಮರುಬಿಡುಗಡೆಯಲ್ಲಿದ್ದ ಬೋನಸ್ ಮುಂದಿನದರಲ್ಲಿ ಇದ್ದೇ ಇರಬೇಕೆಂದಿಲ್ಲ. ‘ಹೊಸದು ಅಂದರೆ ಎಲ್ಲ ಸೇರಿರುತ್ತದೆ’ ಅಂತ ಅಂದುಕೊಂಡು ಹಳೆಯದನ್ನು ಮಾರಿಬಿಡಬೇಡಿ.

ಮೂರನೆಯದು ಸಿಡಿ ಸಿಂಗಲ್‌ಗಳು. 1990ರ ದಶಕದ ಬ್ರಿಟನ್‌ನಲ್ಲಿ ಒಂದೇ ಸಿಂಗಲ್ ಅನ್ನು ಎರಡು ಸಿಡಿಗಳಾಗಿ ಬಿಡುವ ಚಾಳಿ ಇತ್ತು. ಮುಖ್ಯ ಹಾಡು ಎರಡರಲ್ಲೂ ಅದೇ, ಜೊತೆಯ ಹಾಡುಗಳು ಮಾತ್ರ ಬೇರೆ. ಹಳೆ ತಂಡ ಆ ದಶಕದಲ್ಲಿ ಮತ್ತೆ ಒಂದಾಗಿ ಹಾಡಿದ್ದರೆ ಅದರ ಲೈವ್ ಹಾಡು, ರೀಮಿಕ್ಸ್‌ಗಳು ಅಲ್ಲೇ ಉಳಿದುಹೋಗಿರುವ ಸಾಧ್ಯತೆ ಜಾಸ್ತಿ. ಒಂದು ಸಿಕ್ಕರೆ ಅದರ ಜೋಡಿ ಇದೆಯೇ ಅಂತ ಕೂಡಲೇ ನೋಡಿ.

ನಾಲ್ಕನೆಯದು ಜಪಾನಿನ ಆವೃತ್ತಿಗಳು. ಅಲ್ಲಿ ಸ್ಥಳೀಯ ಸಿಡಿಗಿಂತ ಹೊರಗಿನಿಂದ ಬಂದ ಸಿಡಿಯೇ ಅಗ್ಗ. ಜನ ಸ್ಥಳೀಯದ್ದನ್ನೇ ಕೊಳ್ಳಲಿ ಅಂತ ಕಂಪನಿಗಳು ಒಂದೆರಡು ಹಾಡು ಜಾಸ್ತಿ ಸೇರಿಸುತ್ತವೆ. ಅಲ್ಲಿನ ಮಾರಾಟಗಾರರಲ್ಲಿ ಹುಡುಕುವಾಗ ತಂಡದ ಹೆಸರನ್ನು ಕಟಕಾನದಲ್ಲಿ, ಅಂದರೆ ಹೊರಗಿನ ಹೆಸರುಗಳಿಗೆ ಜಪಾನಿನವರು ಬಳಸುವ ಲಿಪಿಯಲ್ಲಿ, ಅಂಟಿಸಿ. ರೋಮನ್ ಲಿಪಿಯಲ್ಲಿ ಹುಡುಕಿದರೆ ಅರ್ಧಕ್ಕರ್ಧ ಕಾಣುವುದೇ ಇಲ್ಲ.

ಇನ್ನು ವಿಶೇಷ ಕಂಪನಿಗಳು. ಜರ್ಮನಿಯ ಬೇರ್ ಫ್ಯಾಮಿಲಿ, ಬ್ರಿಟನ್ನಿನ ಏಸ್, ಅಮೆರಿಕದ ರೈನೊ ಇಂಥವು. ಯಾವ ಟೇಕ್, ಯಾವ ಟೇಪ್, ಯಾವ ತಾರೀಕು ಅಂತ ಇವರ ಪುಸ್ತಿಕೆಗಳಲ್ಲಿ ವಿವರವಾಗಿ ಇರುತ್ತದೆ. ನನ್ನ ಪ್ರಕಾರ ಹಂತ 1ರ ಸಾಲುಗಳನ್ನು ತುಂಬಲು ಆ ಪುಸ್ತಿಕೆಗಳಷ್ಟು ಒಳ್ಳೆಯ ಆಧಾರ ಬೇರೆ ಇಲ್ಲ. ರೈನೊದ ‘ಹ್ಯಾಂಡ್‌ಮೇಡ್’ ವಿಭಾಗ 2000ದಲ್ಲಿ ಮಂಕೀಸ್ ತಂಡದ ಸೆಷನ್‌ಗಳನ್ನು ಸೀಮಿತ ಸಂಖ್ಯೆಯಲ್ಲಿ ತಂದಿತ್ತು. ಅಂಥವು ಒಮ್ಮೆ ಖಾಲಿಯಾದರೆ ಸೆಕೆಂಡ್ ಹ್ಯಾಂಡ್ ಒಂದೇ ಗತಿ.

ತಂಡ ಹೆಸರುವಾಸಿಯಾಗುವ ಮುಂಚಿನ ಕಾಲವನ್ನೂ ಮರೆಯಬೇಡಿ. ಬೀ ಜೀಸ್ 1967ರಲ್ಲಿ ಲೋಕಪ್ರಸಿದ್ಧರಾಗುವ ಮುಂಚೆ ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ಹಾಡಿದ್ದರು. ಆ ಹಾಡುಗಳು ಲೆಕ್ಕವಿಲ್ಲದಷ್ಟು ಅಗ್ಗದ ಸಂಕಲನಗಳಲ್ಲಿ ತುಂಡುತುಂಡಾಗಿ ಬಂದಿವೆ. ಒಟ್ಟಿಗೆ ಬೇಕಿದ್ದರೆ 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂದ ‘ಬ್ರಿಲಿಯಂಟ್ ಫ್ರಮ್ ಬರ್ತ್’ ಎಂಬ ಎರಡು ಸಿಡಿಗಳ ಸೆಟ್ ಹುಡುಕಬೇಕು. ಹತ್ತು ಅಗ್ಗದ ಸಿಡಿ ಕೊಳ್ಳುವ ಬದಲು ಒಂದು ಸರಿಯಾದ ಸೆಟ್ ಕೊಳ್ಳುವುದೇ ಲಾಭ.

ಸಿನಿಮಾ ಸಂಗೀತದ ಸಿಡಿ, ಪತ್ರಿಕೆ ಜೊತೆ ಕೊಟ್ಟ ಉಚಿತ ಸಿಡಿ, ರೇಡಿಯೊಗಳಿಗೆ ಕಳಿಸಿದ ಪ್ರೊಮೊ, ಹಲವು ಕಲಾವಿದರ ಸಂಕಲನ, ಇವನ್ನೂ ಒಮ್ಮೆ ನೋಡಿ. ಇವು ತಂಡದ ಮುಖ್ಯ ಪುಟದಲ್ಲಿ ಕಾಣುವುದಿಲ್ಲ. ಡಿಸ್ಕಾಗ್ಸ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ‘ಟ್ರ್ಯಾಕ್’ ಜಾಗದಲ್ಲಿ ಹಾಡಿನ ಹೆಸರು ಹಾಕಿದರೆ ಹೊರಬರುತ್ತವೆ.

## ಹಂತ 4: ಯಾವ ಆವೃತ್ತಿ ಅಂತ ಪಕ್ಕಾ ಮಾಡಿಕೊಳ್ಳಿ

ಒಂದೇ ಮುಖಪುಟದ ಸಿಡಿ ಹತ್ತಾರು ಆವೃತ್ತಿಗಳಲ್ಲಿ ಇರುತ್ತದೆ. ನಿಮ್ಮ ರೆಕಾರ್ಡಿಂಗ್ ಅವುಗಳಲ್ಲಿ ಒಂದರಲ್ಲೇ ಇರಬಹುದು. ಮುಖಪುಟದ ಫೋಟೊ ನೋಡಿ ಕೊಂಡು ಕೆಟ್ಟವರು ಬಹಳ ಜನ.

ಕ್ಯಾಟಲಾಗ್ ನಂಬರ್ ಬರೆದುಕೊಳ್ಳಿ. ಜಪಾನಿನ ನಂಬರ್‌ಗಳಂತೂ ಕಥೆಯನ್ನೇ ಹೇಳುತ್ತವೆ. ಹಳೆ ಸಿಬಿಎಸ್/ಸೋನಿ ಡಿಸ್ಕ್‌ನಲ್ಲಿ 35ಡಿಪಿ ಎಂದಿದ್ದರೆ ಆಗಿನ ಬೆಲೆ 3500 ಯೆನ್, 32ಡಿಪಿ ಎಂದರೆ 3200. ಟಿಒಸಿಪಿ ಎಂದರೆ ತೋಷಿಬಾ ಇಎಂಐ, ಡಬ್ಲ್ಯುಪಿಸಿಆರ್ ಎಂದರೆ ವಾರ್ನರ್, ಯುಐಸಿವೈ ಎಂದರೆ ಯೂನಿವರ್ಸಲ್.

ಹಿಂಬದಿಯಲ್ಲಿ ವೃತ್ತದೊಳಗೆ ಪಿ ಮತ್ತು ವೃತ್ತದೊಳಗೆ ಸಿ ಅಂತ ಎರಡು ಗುರುತು ಇರುತ್ತವೆ. ಪಿ ಧ್ವನಿಮುದ್ರಣಕ್ಕೆ, ಸಿ ಚಿತ್ರ–ಬರಹಕ್ಕೆ. ಪಿ ಪಕ್ಕದ ವರ್ಷ ಡಿಸ್ಕ್ ಒತ್ತಿದ ವರ್ಷ ಅಲ್ಲ, ಹಾಗಂತ ಬಹಳ ಜನ ಓದುತ್ತಾರೆ. ಆದರೆ ಆ ವರ್ಷ ತಂಡದ ಅಸಲಿ ಕಾಲಕ್ಕಿಂತ ಬಹಳ ಈಚಿನದಾಗಿದ್ದರೆ, ಮತ್ತೆ ಹಾಡಿದ ರೂಪ ಇರಬಹುದು ಅಂತ ಅನುಮಾನಿಸಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಡಿಸ್ಕ್‌ನ ಹೊಳೆಯುವ ಬದಿಯಲ್ಲಿ, ನಡುವಿನ ರಂಧ್ರದ ಸುತ್ತ ಇರುತ್ತದೆ. ಅದೇ ಮ್ಯಾಟ್ರಿಕ್ಸ್ ನಂಬರ್, ಕಾರ್ಖಾನೆಯಲ್ಲಿ ಡಿಸ್ಕ್ ಮೇಲೆ ಮೂಡಿಸಿದ ಗುರುತು. ಅದರ ಹತ್ತಿರ ‘ಐಎಫ್‌ಪಿಐ’ ಎಂದು ಶುರುವಾಗುವ ಸಣ್ಣ ಸಂಕೇತವೂ ಇರಬಹುದು. ಆ ಸಂಕೇತ ಬಳಕೆಗೆ ಬಂದಿದ್ದು 1994ರ ಹೊತ್ತಿಗೆ. ‘1986ರ ಮೊದಲ ಪ್ರೆಸ್ಸಿಂಗ್’ ಎಂದು ಮಾರುವ ಡಿಸ್ಕ್‌ನಲ್ಲಿ ಐಎಫ್‌ಪಿಐ ಕಂಡರೆ ಆ ಮಾತು ಸುಳ್ಳು. ಚರ್ಚೆಯೇ ಬೇಡ.

## ಹಂತ 5: ಈಗ ಮಾರುವವರ ಹತ್ತಿರ ಹೋಗಿ

ಡಿಸ್ಕಾಗ್ಸ್‌ನ ಆವೃತ್ತಿ ಪುಟದಲ್ಲಿ ಹಿಂದೆ ಮಾರಾಟವಾದ ಕನಿಷ್ಠ, ಮಧ್ಯಮ, ಗರಿಷ್ಠ ಬೆಲೆ ಕಾಣುತ್ತದೆ. ಇಬೇಯಲ್ಲಿ ‘ಸೋಲ್ಡ್’ ಎಂದು ಸೋಸಿ. ಕೇಳುವ ಬೆಲೆಗೆ ಅರ್ಥವಿಲ್ಲ, ಯಾರೋ ನಿಜವಾಗಿ ಕೊಟ್ಟ ಬೆಲೆಯೇ ಬೆಲೆ. ಆ ಆವೃತ್ತಿಯನ್ನು ವಾಂಟ್‌ಲಿಸ್ಟ್‌ಗೆ ಹಾಕಿ, ಮಾರಾಟಕ್ಕೆ ಬಂದಾಗ ಸೂಚನೆ ಬರುತ್ತದೆ.

ದುಡ್ಡು ಕಟ್ಟುವ ಮುಂಚೆ ಮಾರುವವರಿಂದ ಮೂರು ಫೋಟೊ ಕೇಳಿ: ಹಿಂಬದಿಯ ಕಾಗದ, ಡಿಸ್ಕ್‌ನ ಹೊಳೆಯುವ ಬದಿ, ಮ್ಯಾಟ್ರಿಕ್ಸ್ ಕಾಣುವಂತೆ ನಡುವಿನ ಉಂಗುರ. ಕೊಡಲು ಹಿಂಜರಿದರೆ ಬಿಟ್ಟುಬಿಡಿ. ಕ್ಯಾಟಲಾಗ್ ಫೋಟೊ ಕಳಿಸಿ ‘ಇದೇ ಇದೆ’ ಎನ್ನುವವರನ್ನೂ ನಂಬಬೇಡಿ. ಪ್ಲಾಸ್ಟಿಕ್ ಪೆಟ್ಟಿಗೆ ಒಡೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬೇರೆ ಹಾಕಬಹುದು. ಪುಸ್ತಿಕೆ ಮತ್ತು ಹಿಂಬದಿಯ ಕಾಗದ ಇಲ್ಲದಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ.

ಕೆಲವು ಲಕ್ಷಣ ಕಂಡರೆ ಹಿಂದೆ ಸರಿಯಿರಿ. ಕಂಪನಿಯ ಹೆಸರಿದ್ದು ವಿಳಾಸ ಇಲ್ಲ, ಪಿ ಸಾಲೂ ಇಲ್ಲ. ಮುಖಪುಟದ ಅಕ್ಷರಗಳ ಅಂಚು ಮಸುಕು, ಅಂದರೆ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು. ಎಲ್ಲೋ ಒಂದು ಕಡೆ ‘ರೇಡಿಯೊ ಪ್ರಸಾರ’ ಎಂಬ ಪದ, ತಂಡದ ಅಧಿಕೃತ ಕಂಪನಿಯ ಸುಳಿವೇ ಇಲ್ಲ. ಡಿಸ್ಕಾಗ್ಸ್‌ನಲ್ಲಿ ಪುಟ ಇದೆ, ಆದರೆ ಮಾರಾಟಕ್ಕೆ ನಿರ್ಬಂಧ ಹಾಕಿದ್ದಾರೆ. ಸೀಲ್ ಒಡೆಯದ ಡಿಸ್ಕ್ ಅಂದಮಾತ್ರಕ್ಕೆ ಅಸಲಿ ಅಂತಲ್ಲ, ಪ್ಲಾಸ್ಟಿಕ್ ಸುತ್ತುವ ಯಂತ್ರ ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

2000ದ ದಶಕದ ಮೊದಲ ಭಾಗದ ಕೆಲವು ಡಿಸ್ಕ್‌ಗಳಲ್ಲಿ ‘ಕಾಪಿ ಕಂಟ್ರೋಲ್’ (ಪ್ರತಿ ಮಾಡದಂತೆ ತಡೆ) ಎಂಬ ಗುರುತು ಇರುತ್ತದೆ, ಕಾಂಪ್ಯಾಕ್ಟ್ ಡಿಸ್ಕ್ ಲಾಂಛನ ಇರುವುದಿಲ್ಲ. ಅವು ಕಂಪ್ಯೂಟರ್‌ನಲ್ಲಿ ಸತಾಯಿಸುತ್ತವೆ. ಅದೇ ಹಾಡುಗಳ ಬೇರೆ ದೇಶದ ಆವೃತ್ತಿ ಇದ್ದರೆ ಅದಕ್ಕೇ ಹೋಗಿ.

## ಹಂತ 6: ಡಿಸ್ಕ್ ಕೈಗೆ ಬಂದ ದಿನ

ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇದಿಷ್ಟೂ ಆಗಬೇಕು. ಕಪಾಟಿನಲ್ಲಿಟ್ಟು ಮರೆಯಬೇಡಿ.

ಮೊದಲು ಕೆಳಬದಿ ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಸಿಡಿ ಬೆಳ್ಳಿ ಬಣ್ಣದ್ದು. ಹಸಿರು, ನೀಲಿ, ನೇರಳೆ ಛಾಯೆ ಇದ್ದರೆ ಅದು ಮನೆಯಲ್ಲೂ ಬರೆಯಬಹುದಾದ ಸಿಡಿ-ಆರ್. ಕಂಪನಿಗಳ ಕೆಲವು ಪ್ರೊಮೊ ಕೂಡ ಸಿಡಿ-ಆರ್ ಆಗಿರುತ್ತವೆ, ನಿಜ. ಆದರೆ ಅಂಗಡಿಯಲ್ಲಿ ಮಾರಿದ ಸಿಡಿ ಹಾಗಿರಬಾರದು. ಆಮೇಲೆ ಡಿಸ್ಕನ್ನು ಬೆಳಕಿಗೆ ಹಿಡಿದು ಸೂಜಿ ತೂತುಗಳಿವೆಯೇ ನೋಡಿ.

ಕಂಚಿನ ಬಣ್ಣ ಕಂಡರೆ ವಿಷಯ ಬೇರೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಒತ್ತಿದ ಕೆಲವು ಡಿಸ್ಕ್‌ಗಳ ಮೇಲಿನ ವಾರ್ನಿಷ್, ಪೆಟ್ಟಿಗೆಯೊಳಗಿನ ಕಾಗದದಲ್ಲಿದ್ದ ಗಂಧಕದ ಅಂಶವನ್ನು ತಡೆಯಲಿಲ್ಲ. ಒಳಗಿನ ಲೋಹದ ಪದರ ಅಂಚಿನಿಂದ ಒಳಕ್ಕೆ ಕೆಡುತ್ತಾ ಬರುತ್ತದೆ. ಸಿಡಿಯಲ್ಲಿ ಹಾಡುಗಳು ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಕೊನೆಯ ಹಾಡುಗಳೇ ಮೊದಲು ಹಾಳಾಗುತ್ತವೆ. ಬೋನಸ್ ಹಾಡುಗಳು ಇರುವುದೂ ಅಲ್ಲೇ, ನೋಡಿ! ಡಿಸ್ಕ್ ಮೇಲೆ ‘ಮೇಡ್ ಇನ್ ಯು.ಕೆ. ಬೈ ಪಿಡಿಒ’ ಎಂದಿದ್ದರೆ ಫೋಟೊ ಹಂತದಲ್ಲೇ ಬಣ್ಣದ ಬಗ್ಗೆ ಕೇಳಿ.

ಈಗ ಕೇಳಿ. ಕಿವಿಗುರುತಿನ ಕಾಲಮ್ ಎದುರಿಗಿಟ್ಟುಕೊಂಡು, ಮಾಮೂಲಿ ರೂಪದ ಜೊತೆ ಹೋಲಿಸಿ ಕೇಳಿ. ಹೆಡ್‌ಫೋನ್ ಹಾಕಿಕೊಂಡರೆ ಸ್ಟೀರಿಯೊ ನಿಜವೋ ನಕಲಿಯೋ ಬೇಗ ತಿಳಿಯುತ್ತದೆ. ಪಟ್ಟಿಯಲ್ಲಿದ್ದ ಹಾಡು ಡಿಸ್ಕ್‌ನಲ್ಲಿ ಕಾಣದಿದ್ದರೆ, ಮೊದಲ ಹಾಡು ಶುರುವಾದ ತಕ್ಷಣ ಹಿಂದಕ್ಕೆ ಓಡಿಸಿ ನೋಡಿ. ಕೆಲವು ಸಿಡಿಗಳಲ್ಲಿ ಮೊದಲ ಹಾಡಿಗೂ ಮುಂಚಿನ ಜಾಗದಲ್ಲಿ ಒಂದು ಹಾಡು ಅವಿತಿರುತ್ತದೆ. ಎಲ್ಲ ಪ್ಲೇಯರ್‌ಗಳೂ ಅಲ್ಲಿಗೆ ಹೋಗುವುದಿಲ್ಲ.

## ಹಂತ 7: ಕಂಪ್ಯೂಟರ್‌ಗೆ ಇಳಿಸಿ, ಒಳಗನ್ನು ಪರೀಕ್ಷಿಸಿ

ಎಕ್ಸಾಕ್ಟ್ ಆಡಿಯೊ ಕಾಪಿ ಅಥವಾ ಎಕ್ಸ್‌ಎಲ್‌ಡಿಯಲ್ಲಿ ಆ್ಯಕ್ಯುರೇಟ್‌ರಿಪ್ (ಇಳಿಸಿದ್ದನ್ನು ತಾಳೆ ನೋಡುವ ಸೌಲಭ್ಯ) ಚಾಲೂ ಮಾಡಿ, ಗುಣಮಟ್ಟ ಕುಗ್ಗದ ಫ್ಲಾಕ್ ಕಡತವಾಗಿ ಇಳಿಸಿ. ಅದೇ ಡಿಸ್ಕ್ ಇಳಿಸಿದ ಬೇರೆಯವರ ಫಲಿತಾಂಶದ ಜೊತೆ ನಿಮ್ಮದು ತಾಳೆಯಾದರೆ ಪ್ರತಿ ಸರಿಯಾಗಿ ಬಂದಿದೆ ಎಂದರ್ಥ. ತೀರಾ ಅಪರೂಪದ ಡಿಸ್ಕ್ ಆದರೆ ಹೋಲಿಸಲು ಯಾರದೂ ಇರುವುದಿಲ್ಲ. ಆಗ ಎರಡು ಸಲ ಇಳಿಸಿ ಎರಡೂ ಒಂದೇ ಇದೆಯಾ ನೋಡಿ.

1980ರ ದಶಕದ ಮೊದಲ ಭಾಗದ ಕೆಲವು ಡಿಸ್ಕ್‌ಗಳನ್ನು, ಅದರಲ್ಲೂ ಜಪಾನಿನವನ್ನು, ಇಳಿಸಿದಾಗ ದನಿ ಕೀರಲಾಗಿ ಕೇಳುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಮಾಡಬೇಡಿ. ಅದು ಪ್ರೀ-ಎಂಫಸಿಸ್. ಹೆಚ್ಚಿನ ಸ್ಥಾಯಿಗಳನ್ನು ಬೇಕೆಂದೇ ಏರಿಸಿ ಬರೆದಿರುತ್ತಾರೆ, ಸಿಡಿ ಪ್ಲೇಯರ್ ಅವನ್ನು ತಾನೇ ತಗ್ಗಿಸುತ್ತದೆ. ಕಂಪ್ಯೂಟರ್‌ಗೆ ಇಳಿಸಿದ ಕಡತದಲ್ಲಿ ಹಾಗೆ ತಗ್ಗಿಸುವುದನ್ನು ನೀವೇ ಮಾಡಬೇಕು.

ಅನುಮಾನ ಇನ್ನೂ ಉಳಿದಿದ್ದರೆ ಕಡತವನ್ನು ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ (ಯಾವ ಸ್ಥಾಯಿಯಲ್ಲಿ ಎಷ್ಟು ದನಿ ಇದೆ ಅಂತ ತೋರಿಸುವ ಚಿತ್ರ) ನೋಟಕ್ಕೆ ಬದಲಿಸಿ. ಸಿಡಿಯಲ್ಲಿ ಸುಮಾರು 22 ಕಿಲೊಹರ್ಟ್ಜ್‌ವರೆಗೆ ಜಾಗ ಇರುತ್ತದೆ. ಹಾಡಿನುದ್ದಕ್ಕೂ 16 ಕಿಲೊಹರ್ಟ್ಜ್ ಹತ್ತಿರ ಕತ್ತರಿಸಿಟ್ಟಂತೆ ನಿಂತಿದ್ದರೆ, ಯಾರೋ ಎಂಪಿ3 ಕಡತವನ್ನು ಸಿಡಿಗೆ ಬರೆದು ಮಾರಿರುವ ಸಾಧ್ಯತೆ ಬಹಳ. ಹಳೆ ಟೇಪಿನಲ್ಲಿ ಮೇಲಿನ ಸ್ಥಾಯಿ ತಾನಾಗಿಯೇ ಕಮ್ಮಿ ಇರುತ್ತದೆ, ಆದರೆ ಅದು ಮೆಲ್ಲಗೆ ಕರಗುತ್ತದೆ, ಗೆರೆ ಎಳೆದಂತೆ ನಿಲ್ಲುವುದಿಲ್ಲ. ಹಾಡಿನ ನಡುವೆ ಚಿಟಪಟ ಸದ್ದು ಕೇಳಿದರೆ ವಿನೈಲ್‌ನಿಂದ ಎತ್ತಿದ್ದು. ಮೂಲ ಟೇಪ್ ಕಳೆದುಹೋದಾಗ ಒಳ್ಳೆಯ ಕಂಪನಿಗಳೂ ಹಾಗೆ ಮಾಡುತ್ತವೆ, ಆದರೆ ಪುಸ್ತಿಕೆಯಲ್ಲಿ ಅದನ್ನು ಹೇಳಿರುತ್ತವೆ.

ಎಲ್ಲ ಸರಿಯಿದ್ದರೆ ಸ್ಪ್ರೆಡ್‌ಶೀಟ್‌ನ ಆ ಸಾಲಿನಲ್ಲಿ ಮ್ಯಾಟ್ರಿಕ್ಸ್ ನಂಬರ್ ಬರೆದು ಮುಗಿಸಿ. ಡಿಸ್ಕಾಗ್ಸ್‌ನ ಪುಟದಲ್ಲಿ ‘ಮೋನೊ’ ಎಂದೋ ‘ಬೇರೆ ಟೇಕ್’ ಎಂದೋ ಬರೆದಿಲ್ಲದಿದ್ದರೆ ಅದನ್ನೂ ಸೇರಿಸಿಬಿಡಿ. ಮುಂದೆ ಹುಡುಕುವವರಿಗೆ ಹಂತ 3 ಅಷ್ಟರಮಟ್ಟಿಗೆ ಹಗುರವಾಗುತ್ತದೆ.